ಎರಡು ದಿನದ ಚೀಟಿ

ನಮ್ಮ ಮನೆಗೆ ಯಾವ ಕಾಗದ ಬಂದರೂ ಮೊದಲು ನನ್ನ ಕೈಗೇ ಬರಬೇಕಿತ್ತು. ಕರೆಂಟ್ ಬಿಲ್ಲು, ಪಹಣಿ, ಬೀಜದ ಅಂಗಡಿಯ ರಸೀದಿ, ಕಡೆಗೆ ಮದುವೆಯ ಪತ್ರಿಕೆ ಕೂಡ. ಮದುವೆ ಪತ್ರಿಕೆಯಲ್ಲಿ ತಲೆ ಓಡಿಸಿ ಓದುವಂಥದ್ದು ಏನಿರುತ್ತದೆ ಹೇಳಿ? ಆದರೂ ಅವ್ವ ಅದನ್ನು ಸೆರಗಿನಿಂದ ಒರೆಸಿ ನನ್ನ ಮುಂದಿಟ್ಟು, "ಏನ್ ಬರದಾರ ನೋಡಪ್ಪ" ಎನ್ನುತ್ತಿದ್ದಳು. ಶಹಾಪುರದ ಹತ್ತಿರದ ಕ್ಯಾಂಪಿನಲ್ಲಿ ಕಾಲುವೆ ಆಫೀಸಿನ ಗುಮಾಸ್ತ ನಾನು. ಯಾವ ಉಪಕಾಲುವೆಗೆ ಯಾವತ್ತು ನೀರು, ಯಾವ ರೈತನ ಪಾಳಿ ಎಷ್ಟು ತಾಸು ಎಂದು ಚೀಟಿ ಬರೆಯುವುದು ನನ್ನ ಕೆಲಸ. ನಾನು ಬರೆದ ಚೀಟಿ ಜೇಬಿನಲ್ಲಿಟ್ಟುಕೊಂಡು ಹತ್ತಾರು ಊರಿನ ಜನ ಹೊಲಕ್ಕೆ ಹೋಗುತ್ತಿದ್ದರು. ಅದರ ಸೊಕ್ಕು ನನಗೆ ಚೆನ್ನಾಗಿಯೇ ಇತ್ತು. ಆ ಸೊಕ್ಕಿಗೆ ತೆರಬೇಕಾದ್ದನ್ನು ತೆತ್ತದ್ದು ಮಾತ್ರ ನಾನಲ್ಲ, ಅವ್ವ.

ಅಪ್ಪನ ಕಾಲದಿಂದ ನಮ್ಮದು ಬೌದ್ಧರ ಮನೆ. ಅವ್ವನಿಗೆ ಅಕ್ಷರ ಬಾರದಿದ್ದರೂ ಬುದ್ಧನ ವಿಷಯ ಯಾರು ಹೇಳಿದರೂ ಕುಳಿತು ಕೇಳುತ್ತಿದ್ದಳು. ಶಹಾಪುರದ ಬೆಟ್ಟದ ಸಾಲು ದೂರದಿಂದ ನೋಡಿದರೆ ಬುದ್ಧ ಮಗ್ಗುಲಾಗಿ ಮಲಗಿದ ಹಾಗೆ ಕಾಣುತ್ತದಲ್ಲ, ಬಾಗಿಲು ತೆರೆದರೆ ಅವಳಿಗೆ ದಿನಾ ಅದೇ ನೋಟ. "ಮಲಗಿದ್ದು ದಿನಾ ನೋಡತೀನಿ, ಹುಟ್ಟಿದ್ದು ಒಮ್ಮಿ ನೋಡಬ್ಯಾಡೇನು?" ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಳು. ಬುದ್ಧ ಹುಟ್ಟಿದ್ದು ಲುಂಬಿನಿಯಲ್ಲಿ, ಅದು ನೇಪಾಳದಲ್ಲಿದೆ, ಬೇರೆ ದೇಶ ಎಂದರೆ, "ಇರಲಿ, ಅಲ್ಲೂ ಮಂದೀನೇ ಇರತಾರ" ಎನ್ನುತ್ತಿದ್ದಳು. ಅವಳಿಗೆ ದಮ್ಮಿನ ಬ್ಯಾನಿ ಇತ್ತು. ನಮ್ಮ ಕಡೆಯ ಬಿಸಿಲಿನಲ್ಲಿ ಅದು ಹೇಗೋ ಹದದಲ್ಲಿರುತ್ತಿತ್ತು. ಎದೆ ಬಿಗಿದಾಗ ಬಾಯಿಗೆ ಹೊಡೆದುಕೊಳ್ಳುವ ಪಂಪು ಸದಾ ಅವಳ ಸೊಂಟದ ಚೀಲದಲ್ಲಿ.

ನನ್ನ ತಮ್ಮನ ಹತ್ತಿರ ಒಂದು ಜೀಪಿತ್ತು. ಕಾಲುವೆ ಕೆಳಗಿನ ಎರಡೆಕರೆ ಮಾಡಿಕೊಂಡು, ಆ ಜೀಪನ್ನು ಮನೆಯ ಎತ್ತಿಗಿಂತ ಹೆಚ್ಚು ಜತನದಿಂದ ನೋಡಿಕೊಂಡಿದ್ದ. ಆ ವರ್ಷ ಡಿಸೆಂಬರಿನಲ್ಲಿ, ಅವ್ವನನ್ನು ಕರೆದುಕೊಂಡು ಹೋಗಿಯೇ ಬರುತ್ತೇನೆ ಎಂದು ಎದ್ದ. ಓಣಿಯ ನಾಲ್ಕು ಮಂದಿ, ಎರಡು ಗಂಡ ಹೆಂಡತಿ ಜೋಡಿಗಳು, ನಾವೂ ಬರುತ್ತೇವೆ ಎಂದರು. ಹಿಂಗಾರಿನ ನೀರು ಬಿಡುವ ಕಾಲ, ನನಗೆ ರಜೆ ಸಿಗುವ ಮಾತೇ ಇರಲಿಲ್ಲ. ಹೋಗದಿದ್ದರೇನಂತೆ, ಕಾಗದದ ಕೆಲಸವೆಲ್ಲ ನನ್ನದು ಎಂದು ಮೈಮೇಲೆ ಹಾಕಿಕೊಂಡೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ದೂರದ ದಾರಿಗೆ ಗಾಡಿ ಹೊರಟರೆ ನಾವು ಮಿಸ್ತ್ರಿಯನ್ನು, ಅಂದರೆ ಗಾಡಿ ರಿಪೇರಿ ಮಾಡುವವನನ್ನು, ಜೊತೆಗೇ ಕರೆದೊಯ್ಯುತ್ತೇವೆ. ಅವನಿಗೆ ಒಂದು ಸೀಟು, ಎರಡು ಹೊತ್ತು ಊಟ, ಹೋದಲ್ಲಿ ದರ್ಶನ. ಅವನು ಗೋಣಿಚೀಲದಲ್ಲಿ ಬೋಲ್ಟು ಬಿಚ್ಚುವ ಪಾನ, ತಂತಿ, ಬೆಲ್ಟು, ಹಳೆಯ ಪ್ಲೇಟು ಕಟ್ಟಿಕೊಂಡು ಬರುತ್ತಾನೆ. ಮದುವೆಗೆ ಸೊಲ್ಲಾಪುರಕ್ಕೆ ಹೋದರೂ ಅಷ್ಟೇ, ತಿರುಪತಿಗೆ ಹೋದರೂ ಅಷ್ಟೇ. ತಮ್ಮನ ಜೀಪು ನೋಡುತ್ತಿದ್ದ ಮಿಸ್ತ್ರಿ ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿದ್ದ ಮುದುಕ. ಅವನು ಗಾಡಿ ಒಂದು ಸುತ್ತು ಓಡಿಸಿ ನೋಡಿ, "ಕ್ಲಚ್ ಪ್ಲೇಟು ಸವದಾವ. ಎರಡು ದಿನ ತಡೀರಿ, ಕಲಬುರಗಿಲಿಂದ ತರಸ್ತೀನಿ. ಇಲ್ಲಂದ್ರ ಪ್ಲೇಟು ದಾರ್ಯಾಗ ಹಾಕ್ತೀನಿ, ನಾ ಹ್ಯಾಂಗೂ ಬರಾವ ಇದ್ದೀನಲ್ಲ" ಎಂದ. ಆಗಲೇ ಅವನು ಪ್ರಯಾಣಕ್ಕೆಂದು ಕೊರಳಿಗೆ ಹೊಸ ಮಫ್ಲರ್ ಕೊಂಡಿದ್ದನೆಂದು ಆಮೇಲೆ ತಿಳಿಯಿತು.

ನಾನು ನಕ್ಕೆ. ಆ ವರ್ಷ ಇನ್ಶೂರೆನ್ಸು ಮಾಡಿಸುವಾಗ ದಾರಿ ನೆರವು ಅಂತ ಒಂದು ಹೆಚ್ಚಿನ ಸೌಲಭ್ಯ ಸೇರಿಸಿದ್ದೆ. ಗಾಡಿ ಎಲ್ಲಿ ನಿಂತರೂ ಒಂದು ನಂಬರಿಗೆ ಫೋನ್ ಮಾಡಿದರೆ ಸಾಕು, ಅವರೇ ಮಿಸ್ತ್ರಿಯನ್ನು ಕಳಿಸುತ್ತಾರೆ, ಆಗದಿದ್ದರೆ ಗಾಡಿಯನ್ನೇ ಎತ್ತಿಕೊಂಡು ಹೋಗುತ್ತಾರೆ. ಇನ್ನು ಎರಡು ದಿನ ಕಾಯುವುದು ಯಾಕೆ, ಗೋಣಿಚೀಲದ ಮುದುಕ ಯಾಕೆ? "ಅದೆಲ್ಲ ಹಳೇ ಕಾಲದ್ದು" ಎಂದೆ. ಮಿಸ್ತ್ರಿಯ ಸೀಟಿನಲ್ಲಿ ಹೊದಿಕೆ ತುಂಬಿದ್ದರೆ ಒಳ್ಳೆಯದಿತ್ತು, ಅದನ್ನೂ ಮಾಡಲಿಲ್ಲ. ಹಿಟ್ಟಿನ ಡಬ್ಬಿ, ಸ್ಟೋವು ಇಟ್ಟರು. ಮುದುಕ ಪಾನ ಒರೆಸಿ ಡಬ್ಬಿಗೆ ಹಾಕಿದ.

ಹೊರಡುವ ಹಿಂದಿನ ದಿನ ಸಂಜೆ ನಮ್ಮ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ನಾನು ಇನ್ಶೂರೆನ್ಸಿನ ಕಾಗದ ಬಿಚ್ಚಿ ಓದಿ ಹೇಳುತ್ತಿದ್ದೆ. ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮೂರನೆಯ ಪುಟದಲ್ಲಿ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲಿತ್ತು: ಈ ನೆರವು ಸಿಗುವ ಪ್ರದೇಶ ಭಾರತ. ಅಷ್ಟೇ. ಆ ಸಾಲನ್ನು ನಾನು ನೋಡಿದೆ. ನೋಡಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೇನೆ, ಇಲ್ಲಿ ಸುಳ್ಳು ಬರೆಯಲಾರೆ. ಅದೇ ಹೊತ್ತಿಗೆ ತಮ್ಮ ಕೇಳಿದ, "ಅಣ್ಣ, ಆ ಕಡಿ ದೇಶದಾಗ ನಿಂತ್ರನೂ ಬರತಾರೇನು?"

ಪಾಸ್‌ಪೋರ್ಟ್ ಇಲ್ಲದೆ ಬಿಡುವ ದೇಶ, ಅದೇನು ಪೂರಾ ಪರದೇಶವೇ, ಗಡಿಯಿಂದ ಹತ್ತಿಪ್ಪತ್ತು ಮೈಲಿಗೆ ಯಾರು ಲೆಕ್ಕ ಹಿಡಿಯುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಬರತಾರ! ಯಾಕ ಬರಲ್ಲ? ರೊಕ್ಕ ಇಸ್ಕೊಂಡಾರ, ಬಂದೇ ಬರತಾರ!" ಎಂದೆ. ಸ್ವಲ್ಪ ಜೋರಾಗಿಯೇ ಅಂದೆ ಅನಿಸುತ್ತದೆ. ಅವ್ವ ಬೇಳೆಯ ಮೇಲಿನ ಕೈ ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿದಳು. ಮಗ ಎಷ್ಟು ತಿಳಿದವನು ಎಂದು ನೋಡುತ್ತಿದ್ದಾಳೆ ಅಂದುಕೊಂಡೆ. ಅವಳು ಮತ್ತೆ ಮೊರದ ಕಡೆ ಬಗ್ಗಿದಳು.

ಬೆಳಿಗ್ಗೆ ಹೊರಟರು. ಅವ್ವ ಮುಂದಿನ ಸೀಟಿನಲ್ಲಿ, ಒಂದು ಸ್ವೆಟರು, ಒಂದು ಶಾಲು. ನಮ್ಮ ಕಡೆಯವರಿಗೆ ಥಂಡಿ ಅಂದರೆ ಅಷ್ಟೇ ಗೊತ್ತು. ಉತ್ತರದ ಆ ಬಯಲಿನಲ್ಲಿ ಡಿಸೆಂಬರಿನ ಮಂಜು ವಾರಗಟ್ಟಲೆ ಸೂರ್ಯನನ್ನೇ ಕಾಣಗೊಡುವುದಿಲ್ಲ ಎಂದು ನನಗೆ ಯಾರು ಹೇಳಬೇಕು? ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ನಾನು ಯಾರನ್ನೂ ಏನೂ ಕೇಳುವವನಾಗಿರಲಿಲ್ಲ.

ಟೋಲಿನ ಟ್ಯಾಗು ನನ್ನ ಫೋನ್ ನಂಬರಿನಲ್ಲಿತ್ತು. ಅವರ ಗಾಡಿ ಒಂದೊಂದು ಟೋಲ್ ಗೇಟು ದಾಟಿದಾಗಲೂ ಇಲ್ಲಿ ನನ್ನ ಫೋನು ಟಿಣ್ ಎನ್ನುತ್ತಿತ್ತು. ಪಾಳಿ ಚೀಟಿ ಬರೆಯುತ್ತ ಕುಳಿತವನು ಆ ಮೆಸೇಜು ನೋಡಿ, ಹೈದರಾಬಾದ್ ದಾಟಿದರು, ನಾಗಪುರಕ್ಕೆ ಬಂದರು ಎಂದು ಪಕ್ಕದ ಮೇಜಿನವರಿಗೆ ಹೇಳುತ್ತಿದ್ದೆ. ಫೋನೇ ಮಾಡದೆ ಅವ್ವನ ಹಿಂದೆ ಹಿಂದೆ ನಡೆದುಕೊಂಡು ಹೋದ ಹಾಗೆ ಇತ್ತು ನನಗೆ. ಬಹಳ ಖುಷಿಯಾಗಿತ್ತು. ಮಧ್ಯಪ್ರದೇಶ ಮುಗಿಯಿತು, ಉತ್ತರಪ್ರದೇಶ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಕಡೆಯ ಟೋಲಿನ ಮೆಸೇಜು ಬಂತು. ಆಮೇಲೆ ಫೋನು ಸುಮ್ಮನಾಯಿತು. ಗಡಿಯಾಚೆ ನಮ್ಮ ಟ್ಯಾಗು ನಡೆಯುವುದಿಲ್ಲ, ಗೊತ್ತಿತ್ತು. ಆದರೂ ಆ ಮೌನ ನನಗೆ ಸರಿಬರಲಿಲ್ಲ.

ಅವತ್ತು ಮಧ್ಯಾಹ್ನ ಗಡಿಯಿಂದ ತಮ್ಮ ಫೋನ್ ಮಾಡಿದ. ನೇಪಾಳದ ಕಸ್ಟಮ್ಸಿನವರು ಗಾಡಿಗೆ ಒಂದು ಚೀಟಿ ಕೊಡುತ್ತಾರೆ. ಎಷ್ಟು ದಿನ ಗಾಡಿ ಅವರ ದೇಶದಲ್ಲಿ ಇರಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಅದರೊಳಗೆ ವಾಪಸು ದಾಟದಿದ್ದರೆ ಗಾಡಿ ಹಿಡಿದು ನಿಲ್ಲಿಸುತ್ತಾರೆ. "ಎರಡು ದಿನದ ಚೀಟಿ ಕೊಟ್ಟಾರ ಅಣ್ಣ. ಈಗ ಎರಡು ಗಂಟಿಗಿ ಒಳಗ ಬಂದೀವಿ. ಇದರ ಮುದ್ದತ್ ಯಾವಾಗಿನತನಕ?" ಎಂದು ಕೇಳಿ, ಚೀಟಿಯ ಫೋಟೋ ಕಳಿಸಿದ.

ನಮ್ಮ ಕಾಲುವೆಯ ಲೆಕ್ಕದಲ್ಲಿ ದಿನ ಅಂದರೆ ಸೂರ್ಯ ಹುಟ್ಟಿದ್ದು ಮುಳುಗಿದ್ದು ಅಲ್ಲ, ಕ್ಯಾಲೆಂಡರಿನ ತಾರೀಖೂ ಅಲ್ಲ. ಗೇಟು ಎತ್ತಿದ ತಾಸಿನಿಂದ ಮರುದಿನ ಅದೇ ತಾಸಿನವರೆಗೆ ಒಂದು ದಿನ. ಎರಡು ಗಂಟೆಗೆ ಎತ್ತಿದರೆ ಎರಡು ಗಂಟೆಗೇ ಇಳಿಸಬೇಕು. ನಡುವೆ ಒಂದು ನಿಮಿಷ ಕಸಿದರೂ ರೈತರು ಸಲಿಕೆ ಹಿಡಿದು ಆಫೀಸಿಗೆ ಬರುತ್ತಾರೆ. ಇಪ್ಪತ್ತು ವರ್ಷ ಹೀಗೇ ಬರೆದ ಕೈ ನನ್ನದು. "ಎರಡು ದಿನ ಅಂದ್ರ ನಾಡಿದ್ದು ಮಧ್ಯಾಹ್ನ ಎರಡು ಗಂಟಿತನಕ. ನಿಶ್ಚಿಂತಿ ಇರು" ಎಂದೆ. ಫೋಟೋ ಆಮೇಲೆ ನೋಡಿದೆ. ಅದರಲ್ಲಿ ಅವರ ಪಂಚಾಂಗದ ಎರಡು ತಾರೀಖುಗಳಿದ್ದವು, ಒಂದು ಒಳಗೆ ಬಂದದ್ದು, ಇನ್ನೊಂದು ಮುದ್ದತ್ ತೀರುವುದು. ಮೊದಲಿನದಕ್ಕೂ ಎರಡನೆಯದಕ್ಕೂ ಒಂದೇ ಅಂಕಿಯ ವ್ಯತ್ಯಾಸ. ನನ್ನ ಲೆಕ್ಕಕ್ಕೆ ಎರಡು ಇರಬೇಕಲ್ಲ ಎಂದು ಮನಸ್ಸು ಚುಚ್ಚಿತು. ಅವರ ಪಂಚಾಂಗ ಹೇಗೋ ಏನೋ ಎಂದು ಫೋನು ಜೇಬಿಗಿಟ್ಟೆ.

ಮರುದಿನ ಅವ್ವ ಬುದ್ಧ ಹುಟ್ಟಿದ ಜಾಗ ನೋಡಿದಳು. ಅಲ್ಲಿ ಹುಟ್ಟಿದ ಗುರುತಿಗೆ ಇಟ್ಟ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದಳಂತೆ. ಅದೊಂದು ಆಯಿತು.

ಅವತ್ತು ಸಂಜೆ ನಾಲ್ಕರ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ತಮ್ಮನೇ. ಅವನ ಸಿಮ್ಮು ಅಲ್ಲಿ ಸತ್ತಿತ್ತು, ಚಹಾದಂಗಡಿಯವನ ಫೋನಿನಿಂದ ಮಾತಾಡುತ್ತಿದ್ದ. ಲುಂಬಿನಿಯಿಂದ ಗಡಿಗೆ ಬರುವ ನಡುದಾರಿಯಲ್ಲಿ ಕ್ಲಚ್ಚು ಪೂರ್ತಿ ಹೋಗಿತ್ತು. ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.

"ಇಲ್ಲೊಬ್ಬ ಟ್ರ್ಯಾಕ್ಟರಿನಾವ ಹಗ್ಗ ಕಟ್ಟಿ ಗಡಿತನಕ ಜಗ್ಗತೀನಿ ಅನಾಕತ್ತಾನ. ಈಗ ಹೊಂಟ್ರ ಕತ್ತಲಾಗೋದ್ರಾಗ ಮುಟ್ಟತೀವಿ. ಏನ್ ಮಾಡ್ಲಿ ಹೇಳು. ಮಂಜು ಇಳ್ಯಾಕತ್ತದ, ಅವ್ವಗ ದಮ್ಮು ಎದ್ದದ."

"ಹಗ್ಗ ಗಿಗ್ಗ ಬ್ಯಾಡ. ಹಂಗ ಜಗ್ಗಿಸಿದ್ರ ಗಾಡಿ ಹಾಳಾಯ್ತಂತ ನಾಳಿ ಕಂಪನಿಯವರು ತಕರಾರು ತಗೀತಾರ. ನಾ ಈಗೇ ಫೋನ್ ಮಾಡತೀನಿ, ಅವರೇ ಬರತಾರ."

"ಖರೇ ಬರತಾರೇನು? ಚೀಟಿ ಮುದ್ದತ್ ಅದ ಇದ ಎಲ್ಲಾ ನೋಡೀಯೇನು? ಸ್ಪೀಕರ್ ಹಾಕೀನಿ, ಎಲ್ಲಾರೂ ಕೇಳಾಕತ್ತಾರ."

ಎಲ್ಲರೂ ಕೇಳುತ್ತಿದ್ದಾರೆ ಎಂದದ್ದೇ ನನ್ನ ತಲೆಗೆ ಏರಿತು. ಓಣಿಯ ನಾಲ್ಕು ಮಂದಿ, ನಾಳೆ ಬಂದು ಊರಿಗೆಲ್ಲ ಹೇಳುವವರು. "ನೋಡೀನಿ! ಎಲ್ಲಾ ಓದೀನಿ! ನಾಳಿ ಎರಡು ಗಂಟಿತನಕ ಟೈಮದ, ಅಲ್ಲೇ ಕೂಡ್ರಿ, ಬರತಾರ!" ಎಂದೆ. ಆಫೀಸಿನಲ್ಲಿ ಪಕ್ಕದವರು ತಿರುಗಿ ನೋಡಿದರು. ಆ ಕಡೆ ಟ್ರ್ಯಾಕ್ಟರಿನ ಎಂಜಿನ್ ಸದ್ದು ಕೇಳುತ್ತಿತ್ತು. ಆಮೇಲೆ ದೂರದಿಂದ, ಉಸಿರಿನ ನಡುವೆ ತುಂಡು ತುಂಡಾಗಿ, ಅವ್ವನ ದನಿ ಬಂತು: "ಅಣ್ಣ ಹೇಳ್ಯಾನಲ್ಲೋ. ಕೂಡು."

ಟ್ರ್ಯಾಕ್ಟರ್ ಹೊರಟುಹೋದದ್ದು ನನಗೆ ಇಲ್ಲಿಗೇ ಕೇಳಿಸಿತು.

ದಾರಿ ನೆರವಿನ ನಂಬರಿಗೆ ಫೋನ್ ಮಾಡಿದೆ. ಬಹಳ ಮೆತ್ತಗೆ ಮಾತಾಡುವ ಒಬ್ಬ ಹೆಣ್ಣುಮಗಳು, ದಕ್ಷಿಣದ ಕನ್ನಡ. ಪಾಲಿಸಿ ನಂಬರು ಕೇಳಿದಳು, ಗಾಡಿಗೆ ಏನಾಗಿದೆ ಕೇಳಿದಳು, ಎಲ್ಲಿ ನಿಂತಿದೆ ಕೇಳಿದಳು. ಹೇಳಿದೆ. "ಸರ್, ಅದು ಭಾರತದ ಹೊರಗಾಯ್ತಲ್ವಾ? ನಿಮ್ಮ ಪಾಲಿಸಿಯ ಮೂರನೇ ಪುಟ ನೋಡಿ ಸರ್" ಎಂದಳು. ಮೂರನೇ ಪುಟ ನನ್ನ ಕೈಯಲ್ಲೇ ಇತ್ತು. ವಯಸ್ಸಾದವರು ಇದ್ದಾರೆ, ಉಸಿರಾಟದ ತೊಂದರೆ ಇದೆ ಎಂದು ಬೇಡಿಕೊಂಡೆ. ಆಕೆಗೂ ಪಾಪ ಅನಿಸಿರಬೇಕು. "ಹೇಗಾದ್ರೂ ಮಾಡಿ ಗಡಿಯ ಈಚೆ ತಂದು ನಿಲ್ಲಿಸಿ ಸರ್. ಯಾವ ಹೊತ್ತಾದರೂ ಸರಿ, ಅಲ್ಲಿಗೆ ತಕ್ಷಣ ಜನ ಕಳಿಸ್ತೀವಿ" ಎಂದಳು.

ಗಡಿಯ ಈಚೆ ತರುವ ಟ್ರ್ಯಾಕ್ಟರನ್ನು ನಾನೇ ಬೇಡವೆಂದು ಕಳಿಸಿದ್ದೆ.

ಚಹಾದಂಗಡಿಯವನ ನಂಬರಿಗೆ ಮತ್ತೆ ಮತ್ತೆ ಹೊಡೆದೆ. ಒಮ್ಮೆ ರಿಂಗ್ ಆಯಿತು, ಯಾರೂ ಎತ್ತಲಿಲ್ಲ. ಆಮೇಲೆ ಸ್ವಿಚ್ ಆಫ್. ಅಂಗಡಿ ಮುಚ್ಚಿ, ಫೋನು ತೆಗೆದುಕೊಂಡು ಅವನು ತನ್ನ ಮನೆಗೆ ಹೋಗಿದ್ದ. ಬರುತ್ತಾರೆಂದು ನಂಬಿ ಅವರು ಅಲ್ಲಿ ಕೂತಿದ್ದಾರೆ, ಬರುವುದಿಲ್ಲ ಎಂದು ಹೇಳಲು ನನಗೆ ದಾರಿಯಿಲ್ಲ. ಅಂಥ ಅಂಜಿಕೆ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಕೈಗೆ ಏನಾದರೂ ಕೆಲಸ ಬೇಕೆಂದು ಪಾಳಿ ಚೀಟಿಗಳನ್ನು ಎಳೆದುಕೊಂಡೆ. ಎರಡರಿಂದ ಎರಡು, ಎರಡರಿಂದ ಎರಡು ಎಂದು ಬರೆಯುತ್ತಾ ಹೋದೆ.

ಆ ರಾತ್ರಿ ಅವರು ಆರೂ ಮಂದಿ ಗಾಡಿಯಲ್ಲೇ ಕಳೆದರು. ಎದುರಿನ ಮರ ಕಾಣದಷ್ಟು ಮಂಜಂತೆ. ಪ್ರತಿ ಸಲ ದೂರದಲ್ಲಿ ಗಾಡಿಯ ಬೆಳಕು ಕಂಡಾಗಲೂ ತಮ್ಮ ಇಳಿದು ಕೈ ಮಾಡುತ್ತಿದ್ದನಂತೆ, ಕಂಪನಿಯವರು ಬಂದರೆಂದು. ಬೆಳಗಿನ ಜಾವಕ್ಕೆ ಅವ್ವನ ಪಂಪು ಖಾಲಿಯಾಯಿತು.

ಬೆಳಿಗ್ಗೆ ಅದೇ ಟ್ರ್ಯಾಕ್ಟರಿನವನು ಆ ದಾರಿಯಲ್ಲಿ ಬಂದು, ಇವರು ಇನ್ನೂ ಅಲ್ಲೇ ಇರುವುದನ್ನು ನೋಡಿ ಬೈದು, ಹಗ್ಗ ಕಟ್ಟಿದ. ಗಡಿ ಮುಟ್ಟಿದಾಗ ಹನ್ನೆರಡೂವರೆ. ನಾನು ಹೇಳಿದ ಎರಡು ಗಂಟೆಗೆ ಇನ್ನೂ ಒಂದೂವರೆ ತಾಸು ಇತ್ತು. ತಮ್ಮ ಚೀಟಿ ತೋರಿಸಿದ. ಅಲ್ಲಿಯವರು ಓದಿ, ಇದು ನಿನ್ನೆಗೇ ಮುಗಿಯಿತಲ್ಲ ಎಂದರು. ಒಳಗೆ ಬಂದ ದಿನ ಒಂದು, ಮರುದಿನ ಎರಡು. ಬಂದದ್ದು ಬೆಳಿಗ್ಗೆಯಾದರೂ ಅಷ್ಟೇ, ಸಂಜೆಯಾದರೂ ಅಷ್ಟೇ. ಅವರ ಲೆಕ್ಕ ಸರಿಯಾಗಿಯೇ ಇತ್ತು, ಚೀಟಿಯ ಮೇಲೆ ಬರೆದೂ ಇತ್ತು. ಗಾಡಿ ನಿಲ್ಲಿಸಿದರು. "ನಮ್ಮ ಅಣ್ಣ ಆಫೀಸಿನ್ಯಾಗ ಇದಾನ್ರಿ, ಅಂವ ಓದ್ಯಾನ್ರಿ" ಎಂದು ತಮ್ಮ ಹರಕು ಹಿಂದಿಯಲ್ಲಿ ಹೇಳಿದನಂತೆ. ಇದನ್ನು ನನಗೆ ಹೇಳಿದ್ದು ಅವನಲ್ಲ, ಜೊತೆಗಿದ್ದವರು.

ಆ ಆಫೀಸಿನ ಮುಂದಿನ ಹಲಗೆಯ ಮೇಲೆ ಅವ್ವ ಕೂತಿದ್ದಳು. ದಾಟಿ ಆಸ್ಪತ್ರೆಗೆ ಹೋಗೋಣ ಎಂದರೆ, ಮಗನ ಗಾಡಿ ಬಿಡಲಿ, ಕೂಡಿಯೇ ಹೋಗೋಣ ಎಂದಳು. ಸಂಜೆಯ ಹೊತ್ತಿಗೆ ಮಾತು ನಿಂತಿತು. ಆಗ ಸೈಕಲ್ ರಿಕ್ಷಾದಲ್ಲಿ ಹಾಕಿಕೊಂಡು ಗಡಿಯ ಈಚಿನ ಆಸ್ಪತ್ರೆಗೆ ಓಡಿದರು. ಎದೆಯಲ್ಲಿ ನಿಮೋನಿಯಾ ಆಗಿತ್ತು. ದಂಡ ಕಟ್ಟಿ ಗಾಡಿ ಬಿಡಿಸಿಕೊಂಡು ಗಡಿಯ ಈಚೆ ತಳ್ಳಿದ ಮೇಲೆ ದಾರಿ ನೆರವಿನವರು ಒಂದೇ ತಾಸಿನಲ್ಲಿ ಬಂದರಂತೆ. ಅಲ್ಲಿಂದ ಮುಂದೆ ಎಲ್ಲವೂ ಅವರು ಬರೆದುಕೊಟ್ಟ ಹಾಗೆಯೇ ನಡೆಯಿತು.

ಐದು ದಿನ ಅಲ್ಲಿನ ಆಸ್ಪತ್ರೆಯಲ್ಲಿಟ್ಟುಕೊಂಡು, ಸ್ವಲ್ಪ ಇಳಿದಿದೆ, ಊರಿಗೆ ಒಯ್ಯಿರಿ ಎಂದು ಬಿಟ್ಟರು. ನನ್ನ ಫೋನು ಮತ್ತೆ ಟಿಣ್ ಎನ್ನತೊಡಗಿತು. ಹೋಗುವಾಗ ಎರಡು ತಾಸಿಗೊಂದು ಬರುತ್ತಿದ್ದ ಮೆಸೇಜು ಈಗ ನಾಲ್ಕು ತಾಸು, ಆರು ತಾಸು. ನಡುವೆ ಯಾಕೆ ನಿಂತರು, ಅವ್ವನಿಗೆ ಏನಾಯಿತು ಎಂದು ಪ್ರತಿ ಸಲ ಲೆಕ್ಕ ಹಾಕುತ್ತಿದ್ದೆ. ತಮ್ಮನಿಗೆ ಫೋನ್ ಮಾಡಿದರೆ, "ಬರಾಕತ್ತೀವಿ" ಎಂದಷ್ಟೇ ಹೇಳಿ ಇಡುತ್ತಿದ್ದ. ಜಬಲ್ಪುರದ ಆಚೆ ಒಂದು ಟೋಲ್ ಆದ ಮೇಲೆ ಒಂದು ಇಡೀ ದಿನ ಮೆಸೇಜಿರಲಿಲ್ಲ. ಆ ದಿನ ನಾನು ಫೋನನ್ನು ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದೆ. ಮತ್ತೆ ತೆಗೆದೆ.

ಸೀದಾ ಯಾದಗಿರಿಯ ಆಸ್ಪತ್ರೆಗೆ ತಂದರು. ನಾನು ಮೊದಲೇ ಹೋಗಿ ಗೇಟಿನಲ್ಲಿ ನಿಂತಿದ್ದೆ. ಮುಂದಿನ ಸೀಟಿನಲ್ಲಿ ಹೋದವಳನ್ನು ಹಿಂದಿನ ಸೀಟಿನಿಂದ ಇಳಿಸಿಕೊಂಡೆವು. ಮೈ ಅರ್ಧ ಆಗಿತ್ತು. ತಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಎರಡನೆಯ ದಿನ ಬೆಳಿಗ್ಗೆ ನರ್ಸು ಒಂದು ಕಾಗದ ತಂದು, ಇದಕ್ಕೆ ಹೆಬ್ಬೆಟ್ಟು ಒತ್ತಿಸಿರಿ ಎಂದಳು. ಉಸಿರಿಗೆ ಮಷಿನ್ ಹಚ್ಚಲು ಒಪ್ಪಿಗೆಯ ಕಾಗದ. ಅವ್ವ ಮೂಗಿನ ಮೇಲಿನ ಆಕ್ಸಿಜನ್ ಮುಚ್ಚಳ ಸರಿಸಿ, ಕಾಗದವನ್ನು ನನ್ನ ಕಡೆ ತಳ್ಳಿ, "ಏನ್ ಬರದಾರ ನೋಡಪ್ಪ" ಎಂದಳು.

ನೀವೇ ಓದಿ ಹೇಳಿರಿ ಎಂದು ನರ್ಸಿಗೆ ಕಾಗದ ವಾಪಸು ಕೊಟ್ಟೆ. ಆಕೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದಳು. ನಾವಿಬ್ಬರೇ ಉಳಿದೆವು. ತಮ್ಮ ಔಷಧಿಗೆ ಹೋಗಿದ್ದ.

"ಅವ್ವ, ಆ ಇನ್ಶೂರೆನ್ಸಿನ ಕಾಗದದಾಗ ಆ ಕಡಿ ಬರಲ್ಲಂತ ಬರದಿತ್ತು. ನಾ ನೋಡಿದ್ದೆ" ಎಂದೆ.

"ಗೊತ್ತದ."

"ಹ್ಯಾಂಗ ಗೊತ್ತು?"

"ನಿನಗ ತಿಳೀಲಾರದ್ದು ಬಂದ್ರ ದನಿ ಏರಸ್ತಿ." ಒಂದು ಉಸಿರು ತೆಗೆದುಕೊಂಡಳು. "ಸಣ್ಣಾವ ಇದ್ದಾಗ ಸಾಲಿ ಪಾಠ ಓದಿ ಹೇಳತಿದ್ದಿಯಲ್ಲ, ಬರಲಾರದ ಅಕ್ಷರ ಬಂದಲ್ಲಿ ಹಿಂಗೇ ಜೋರು ಮಾಡತಿದ್ದಿ. ಅಂಗಳದಾಗೂ ಹಂಗೇ ಅಂದಿ. ಅಲ್ಲಿ ಫೋನಿನಾಗೂ ಹಂಗೇ ಅಂದಿ."

"ಮತ್ತ ಟ್ರ್ಯಾಕ್ಟರ್ ಕಳಿಸಿ ಕೂಡು ಅಂತ ಯಾಕಂದಿ ಅವ್ವ?"

ಅವಳು ಮುಚ್ಚಳವನ್ನು ಮತ್ತೆ ಮೂಗಿಗೆ ಇಟ್ಟುಕೊಂಡು, ಎರಡು ಉಸಿರು ಎಳೆದು, ಮತ್ತೆ ಸರಿಸಿದಳು.

"ನಾಕು ಮಂದಿ ಕೇಳಾಕತ್ತಿದ್ರಪ್ಪ. ಅವರ ಮುಂದ ನಿನ್ನ ಮಾತು ಹ್ಯಾಂಗ ತಗದು ಹಾಕಲಿ?"

ಅದಾದ ಮೂರನೆಯ ದಿನ ಅವ್ವ ಹೋದಳು. ಆ ಮೂರನೇ ಪುಟದ ಸಾಲನ್ನು ನಾನು ಮೊದಲೇ ನೋಡಿದ್ದೆ ಎಂದು ತಮ್ಮನಿಗೆ ಇನ್ನೂ ಹೇಳಿಲ್ಲ. ಅವನು ಈಗಲೂ ಯಾವ ಕಾಗದ ಬಂದರೂ ಸುರಪುರದ ಸಂತೆಯಲ್ಲಿದ್ದರೂ ಗಾಡಿ ತಿರುಗಿಸಿಕೊಂಡು ಬಂದು, ನನ್ನ ಮುಂದೆ ಇಡುತ್ತಾನೆ.